ಒಂದು ಬಲೆ, ಒಂದು ಚಾಪೆ

ನಮ್ಮಲ್ಲಿ ಹೂಳುವುದು ಮನುಷ್ಯರನ್ನು ಮಾತ್ರ. ತಿನ್ನುವ ವಸ್ತುವನ್ನು ಯಾರೂ ಮಣ್ಣಿಗೆ ಹಾಕುವುದಿಲ್ಲ. ಹಾಗಿದ್ದೂ ಕಂಪನಿಯವರು ನಮ್ಮ ಕೈಯಿಂದಲೇ ಮೀನು ಹೂಳಿಸಿದರು. ಅದನ್ನು ಹೇಳದಿದ್ದರೆ ನನ್ನ ಹೊಟ್ಟೆಯ ಉರಿ ಆರುವುದಿಲ್ಲ. ಹೇಳಿದರೆ ಆರುತ್ತದೆ ಎಂಬ ನಂಬಿಕೆಯೂ ನನಗಿಲ್ಲ.

ನನ್ನ ಹೆಸರು ಓವೆಯಾ. ಊರು ಹೀಲಾವಾ. ಕೆರೆಮಾ ಪಟ್ಟಣದಿಂದ ದೋಣಿಯಲ್ಲಿ ಅರ್ಧ ದಿನದ ದಾರಿ. ನದಿ ಬಂದು ಕಡಲಿಗೆ ಸೇರುವ ಅಳಿವೆಯ ಪಕ್ಕದಲ್ಲೇ ನಮ್ಮ ಮನೆಗಳು. ಗಂಡಸರು ಸಾಗೊ ಮರ ಕಡಿಯುತ್ತಾರೆ. ನಾವು ಹೆಂಗಸರು ಅದರ ತಿರುಳು ಬಡಿದು, ತೊಳೆದು, ಹಿಂಡಿ ಹಿಟ್ಟು ತೆಗೆಯುತ್ತೇವೆ. ಬರೀ ಸಾಗೊ ಹಿಟ್ಟು ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೆ ಅಳಿವೆಯ ಸೀಗಡಿ ಬೇಕು. ಇಬ್ಬರು ಹೆಂಗಸರು ಬಲೆಯ ಎರಡು ತುದಿ ಹಿಡಿದು, ಸೊಂಟದವರೆಗಿನ ನೀರಿನಲ್ಲಿ, ಕೆಸರಿನಿಂದ ಒಂದೊಂದೇ ಕಾಲು ಕಿತ್ತು ನಡೆಯಬೇಕು. ಸಂಜೆ ಹೊತ್ತಿಗೆ ತೊಡೆಯ ನರಗಳು ಕಲ್ಲಾಗಿರುತ್ತವೆ. ಆದರೂ ಆ ಬಲೆ ನಮ್ಮದು. ಯಾರ ಮುಂದೂ ಕೈಯೊಡ್ಡದೆ ಮಕ್ಕಳ ಬಾಯಿಗೆ ತುತ್ತಿಡುವ ಒಂದೇ ಒಂದು ವಸ್ತು ಅದು.

ಅವ್ವ ಸತ್ತಳು. ಅವಳ ಹೆಸರು ಮೀರೌ. ಜ್ವರ ಬಂತು, ಕೆರೆಮಾಕ್ಕೆ ಸಾಗಿಸಲು ದೋಣಿಯ ಇಂಜಿನ್‌ಗೆ ಎಣ್ಣೆ ಇರಲಿಲ್ಲ, ಅವಳು ಸತ್ತಳು. ನಮ್ಮಲ್ಲಿ ಹಿರಿಯರು ಸತ್ತಾಗ ಅಳಿವೆ ಮುಚ್ಚುತ್ತೇವೆ. ನೀರಿನ ಅಂಚಿನಲ್ಲಿ ಒಂದು ಕಂಬ ನೆಟ್ಟು, ತೆಂಗಿನ ಎಳೆಗರಿ ಕಟ್ಟಿ, ಸತ್ತವರ ನಾರಿನ ಚೀಲ ಅದಕ್ಕೆ ತೂಗುಹಾಕುತ್ತೇವೆ. ಎಷ್ಟೋ ತಿಂಗಳ ಮೇಲೆ ಬರುವ ಸೂತಕದ ಊಟದ ದಿನದವರೆಗೆ ಅಲ್ಲಿ ಯಾರ ಬಲೆಯೂ ಇಳಿಯುವುದಿಲ್ಲ. ಊಟದ ದಿನ ಕಂಬ ಕೀಳಬೇಕು, ಬಲೆ ಇಳಿಸಬೇಕು, ಬಂದದ್ದನ್ನೆಲ್ಲ ಒಂದೇ ಚಾಪೆಗೆ ಸುರಿಯಬೇಕು. ದೊಡ್ಡದು, ಚಿಕ್ಕದು, ಏಡಿ, ಸೀಗಡಿ, ಏನೇ ಬರಲಿ. ಇದು ಬೇಕು, ಅದು ಬೇಡ ಎಂದು ಆರಿಸುವಂತಿಲ್ಲ. ಹತ್ತಿರದ ಸೂತಕದವರು ಪಾಲು ಮಾಡಬೇಕು. ಕುಲದವನು ಜಗಳವಾಡಿ ಊರು ಬಿಟ್ಟವನಾದರೂ ಅವನ ಪಾಲು ಇಡಲೇಬೇಕು. ಒಂದು ಬಲೆ, ಒಂದು ಚಾಪೆ. ಅವ್ವ ಹೇಳಿಕೊಟ್ಟ ಧರ್ಮವೆಂದರೆ ಇಷ್ಟೇ.

ಇನ್ನೊಂದು ಕಟ್ಟಳೆ ಇದೆ. ಸತ್ತವರಿಗೆ ಯಾವುದು ಪ್ರೀತಿಯೋ ಅದನ್ನು ಅವರ ಹಾಲು ಕುಡಿದವರು ಊಟದ ದಿನದವರೆಗೆ ಬಾಯಿಗಿಡುವುದಿಲ್ಲ. ಅವ್ವನಿಗೆ ಪ್ರಾಣ ಸೀಗಡಿ. ಅದರ ತಲೆಯನ್ನು ಚೀಪಿ ಚೀಪಿ, ಕಣ್ಣು ಮುಚ್ಚಿ, ‘ಆಹಾ’ ಅನ್ನುತ್ತಿದ್ದಳು. ಅವಳ ಹಾಲು ಕುಡಿದವರು ಮೂವರು. ನಾನು, ನನ್ನ ತಂಗಿ ಇವಾರಾ, ಮತ್ತು ಸೆವೆಸೆ. ಸೆವೆಸೆ ನಮ್ಮ ಚಿಕ್ಕಮ್ಮನ ಮಗ. ಹೆತ್ತವಳು ಹೆರಿಗೆಯಲ್ಲೇ ಹೋದಳು. ಅವ್ವ ಅವನನ್ನು ಎದೆಗೆ ಹಾಕಿಕೊಂಡಳು. ಅವಳ ಹಾಲು ಕುಡಿದ ಕೊನೆಯವನು ಅವನೇ. ಈಗ ಅವನು ಕಂಪನಿಯ ನೌಕರ. ನಮ್ಮೂರಿಗೂ ಕಂಪನಿಗೂ ನಡುವೆ ಮಾತು ಸಾಗಿಸುವ ಕೆಲಸ.

ಕಂಪನಿ ಅಂದರೆ ಸೀಗಡಿ ಹಿಡಿಯುವ ಹಡಗುಗಳು. ದಡದಿಂದ ಇಷ್ಟು ದೂರ ಇರಬೇಕು ಎಂದು ಸರ್ಕಾರದ ಗೆರೆ ಇದೆಯಂತೆ. ನೀರಿನ ಮೇಲೆ ಎಳೆದ ಗೆರೆ, ಯಾರಿಗೆ ಕಾಣಬೇಕು? ಅವು ನಮ್ಮ ಒಲೆಯ ಹೊಗೆ ಕಾಣುವಷ್ಟು ಹತ್ತಿರ ಬಂದು ಕಡಲತಳವನ್ನು ಬಾಚುತ್ತವೆ. ಮೇಲೆಳೆದ ಬಲೆಯಲ್ಲಿ ಸೀಗಡಿ ಒಂದು ಬುಟ್ಟಿ, ಬೇರೆ ಮೀನು ಹತ್ತು ಬುಟ್ಟಿ. ಸೀಗಡಿ ಮಂಜಿನ ಪೆಟ್ಟಿಗೆಗೆ ಹೋಗುತ್ತದೆ. ಉಳಿದದ್ದೆಲ್ಲ ಸತ್ತೋ, ಸಾಯುತ್ತಲೋ ನೀರಿಗೆ ಬೀಳುತ್ತದೆ.

ಅಳಿವೆ ಮುಚ್ಚಿದ್ದರಿಂದ ಆ ತಿಂಗಳುಗಳಲ್ಲಿ ನಾವು ಆ ಹಡಗಿನ ಬಳಿಗೇ ಹೋಗಬೇಕಾಯಿತು. ಎಳನೀರು, ಬಾಳೆಗೊನೆ ದೋಣಿಗೆ ತುಂಬಿ, ಹುಟ್ಟು ಹಾಕಿ, ಹಡಗಿನ ಕೆಳಗೆ ನಿಂತು ಮೇಲಕ್ಕೆ ಮುಖ ಮಾಡಬೇಕು. ಎಳನೀರನ್ನು ಹಗ್ಗ ಇಳಿಸಿ ಮರ್ಯಾದೆಯಿಂದ ಮೇಲೆತ್ತಿಕೊಳ್ಳುತ್ತಿದ್ದರು. ಮೀನನ್ನು ಮಾತ್ರ ನಮ್ಮ ತಲೆಯ ಮೇಲೆ ಎಸೆಯುತ್ತಿದ್ದರು. “ರಬಿಸ್! ಬನ್ರೇ, ರಬಿಸ್ ತಗೊಳ್ರೇ!” ಎಂದು ಕೂಗು. ಬೇಡದ ಕಸಕ್ಕೆ ಅವರು ಅನ್ನುವ ಮಾತು ಅದು. ಬೇಡದ ಮನುಷ್ಯರಿಗೂ ಅದನ್ನೇ ಅನ್ನುತ್ತಾರೆ. ನನಗೆ ಶಾಲೆ ಗೊತ್ತಿಲ್ಲ. ಪರದೇಶದ ಮಾತು ಅಂತ ನನಗೆ ಬರುವುದು ಅದೊಂದೇ.

ಒಂದು ದಿನ ಒಬ್ಬ ನಗುತ್ತಾ ಇವಾರಾಳ ಕಡೆ ಜೀವಂತ ತೊರಕೆ ಮೀನು ಎಸೆದ. ಅವಳು ಪಾಪ, ಹಿಡಿಯಲು ಕೈ ಚಾಚಿದಳು. ಬಾಲದ ಮುಳ್ಳು ಅಂಗೈಯಲ್ಲಿ ಹೊಕ್ಕು ಆಚೆ ಬಂತು. ಮೇಲೆ ಎಲ್ಲರೂ ನಕ್ಕರು. ತಿಂಗಳು ಕಳೆದ ಮೇಲೆ ಗಾಯ ಮಾಗಿತು, ಬೆರಳು ಮಾತ್ರ ಮತ್ತೆ ಬಿಚ್ಚಲಿಲ್ಲ. ಬಲಗೈ ಒಣಗಿದ ಎಲೆಯ ಹಾಗೆ ಮುದುರಿಕೊಂಡೇ ಇದೆ.

ಇಂಥದ್ದರಲ್ಲಿ ಸೆವೆಸೆ ಬಂದ. ಕಾಲಲ್ಲಿ ಬೂಟು. ಅಡಿಕೆ, ಸುಣ್ಣ ಕೊಟ್ಟೆ. ಅಗಿಯುತ್ತಾ, “ಅಕ್ಕ, ಒಂದು ಒಳ್ಳೆ ಸುದ್ದಿ” ಅಂದ.

“ನಿನ್ನ ಬೂಟು ನೋಡಿದ್ರೇ ಗೊತ್ತಾಯ್ತು ಕಣೋ, ಯಾರಿಗೆ ಒಳ್ಳೇದು ಅಂತ” ಎಂದಳು ಇವಾರಾ.

“ಮೊದಲು ಕೇಳು ಮಾರಾಯ್ತಿ. ಹೊರದೇಶದ ಅಂಗಡೀಲಿ ಜನ ಈಗ ಸುಮ್ನೆ ಕೊಳ್ಳಲ್ಲ. ಕೊಳದಲ್ಲಿ ಸಾಕಿದ ಸೀಗಡಿ ಬೇಡ, ಕಡಲಲ್ಲಿ ತಾನಾಗಿ ಬೆಳೆದದ್ದೇ ಬೇಕು ಅಂತಾರೆ. ಅದೂ ಕಡಲಿಗೆ ಕೇಡಾಗದ ಹಾಗೆ ಹಿಡಿದಿರ್ಬೇಕು, ನಾಳೆಗೂ ಉಳಿದಿರ್ಬೇಕು. ಹಾಗೆ ಹಿಡಿದಿದ್ದಕ್ಕೆ ಡಬ್ಬಿ ಮೇಲೆ ಒಂದು ನೀಲಿ ಮೀನಿನ ಮುದ್ರೆ ಹಾಕ್ತಾರೆ. ಆ ಮುದ್ರೆ ನಮ್ಮ ಕಂಪನಿಗೆ ಸಿಗೋ ಕಾಲ ಬಂದಿದೆ. ನೋಡೋಕೆ ಒಬ್ಬ ಹೆಂಗಸು ಬರ್ತಾರೆ.”

“ನೋಡೋದೇನು? ಕೇಡಾಗಿದೆಯೋ ಇಲ್ವೋ ಅಂತ ನಮ್ಮನ್ನ ಕೇಳಿದ್ರೆ ನಿಂತ ನಿಲುವಲ್ಲೇ ಹೇಳ್ತೀವಿ” ಅಂದಳು ಇವಾರಾ.

“ಅದಕ್ಕೇ ನಿಮ್ಮನ್ನ ಕೇಳಲ್ಲ” ಅಂದ ಸೆವೆಸೆ. ಎಲ್ಲರೂ ನಕ್ಕೆವು. ಅವನೂ ನಕ್ಕ. ಆಮೇಲೆ ನೆಲ ನೋಡಿಕೊಂಡು ನಿಜವಾದ ಮಾತಿಗೆ ಬಂದ. ಮುದ್ರೆ ಸಿಗಬೇಕಾದರೆ ಹೆಂಗಸರು ಅಳಿವೆಯಲ್ಲಿ ಬಲೆ ಎಳೆಯುವುದನ್ನು ನಿಲ್ಲಿಸಬೇಕು.

“ಅಳಿವೆ ಅಂದ್ರೆ ಮರಿಗಳ ತೊಟ್ಟಿಲು ಅಕ್ಕ. ನಿಮ್ಮದು ಸಣ್ಣ ಕಣ್ಣಿನ ಬಲೆ. ಮರೀನೆಲ್ಲ ನೀವು ತಿಂದ್ಬಿಟ್ರೆ ಕಡಲಿಗೆ ದೊಡ್ಡದು ಎಲ್ಲಿಂದ ಹೋಗುತ್ತೆ? ಓದಿದೋರು ಹೇಳಿದ್ದು, ಸುಳ್ಳಲ್ಲ.”

ಸುಳ್ಳಲ್ಲ. ನನಗೆ ಹೆಚ್ಚು ಉರಿದದ್ದು ಅದಕ್ಕೇ. ಸುಳ್ಳಾಗಿದ್ದರೆ ಉಗಿದು ಕಳಿಸಬಹುದಿತ್ತು. ಉಪ್ಪುನೀರಲ್ಲಿ ಬೇರು ಬಿಟ್ಟು ನಿಂತ ಕಾಂಡ್ಲಾ ಗಿಡಗಳ ಬುಡದ ಕೆಸರಿನಲ್ಲೇ ಸೀಗಡಿಮರಿ ಬೆಳೆಯುವುದು. ನಮ್ಮಜ್ಜಿಯ ಅಜ್ಜಿಗೂ ಅದು ತಿಳಿದಿತ್ತು. ತಿಳಿದಿದ್ದಕ್ಕೇ ಸಾವು ಬಂದಾಗಲೆಲ್ಲ ಅಳಿವೆಗೆ ವಿಶ್ರಾಂತಿ ಕೊಟ್ಟದ್ದು. ಈಗ ಆ ತಿಳಿವನ್ನೇ ಹಿಡಿದು ನಮಗೆ ಬಡಿಯಲು ಬಂದಿದ್ದರು. ಕಡಲು ಬಾಚುವವರು ಅವರು, ಕೈ ಕಟ್ಟಬೇಕಾದವರು ನಾವು.

“ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ತಂತೆ” ಅಂದಳು ಇವಾರಾ. “ಹಡಗು ಸಾಯಿಸೋದು ಯಾರ ಲೆಕ್ಕಕ್ಕೆ?”

“ಅದನ್ನೂ ಕಮ್ಮಿ ಮಾಡಿದಾರೆ. ಬಲೇಲಿ ಆಮೆ ತಪ್ಪಿಸ್ಕೊಳ್ಳೋಕೆ ಕಿಂಡಿ ಇಟ್ಟಿದಾರೆ ಗೊತ್ತಾ?”

“ಆಮೆಗೆ ಕಿಂಡಿ ಆಯ್ತು. ನಮಗೆ?”

ಸೆವೆಸೆ ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ, “ಅವ್ವನ ಕಂಬ ಹಾಗೇ ಇರ್ಲಿ ಅಕ್ಕ. ಊಟ ಆದ್ಮೇಲೂ ಕೀಳ್ಬೇಡಿ” ಅಂದ.

“ಎಲ್ಲಿವರೆಗೆ?”

“ಹಾಗೇ ಇರ್ಲಿ. ಮುದ್ರೆ ಸಿಕ್ರೆ ಕಂಪನಿ ಇಲ್ಲೊಂದು ಆಸ್ಪತ್ರೆ ಕಟ್ಸುತ್ತೆ. ಅದು ಇದ್ದಿದ್ರೆ ಅವ್ವ ಉಳೀತಿದ್ಲು.” ಹಾಗಂದಾಗ ಅವನ ಕಣ್ಣು ತುಂಬಿತು. ಅದು ನಾಟಕವಾಗಿರಲಿಲ್ಲ, ನನಗೆ ಗೊತ್ತು. 

ಊರ ಹಿರಿಯ ಕಾರೊಹೊ ಅಲ್ಲೇ ಕೂತಿದ್ದ. ಅವನಿಗೆ ಕಂಪನಿ ಹೊಸ ದೋಣಿ ಇಂಜಿನ್ ಕೊಟ್ಟಿತ್ತು. “ಹೆಂಗಸರ ಬಲೆ ವಿಷಯ ತಾನೇ? ಅದಕ್ಕೆ ಇಷ್ಟು ರಂಪ ಯಾಕೆ? ಬಿಡ್ರಮ್ಮ” ಅಂದ. ರಾತ್ರಿ ಅವನು ತಿಂದ ಸಾಗೊ ಹಿಟ್ಟಿನ ಜೊತೆಗಿದ್ದ ಮೀನು ಅವನ ಹೆಂಡತಿ ಹಡಗಿನ ಕೆಳಗೆ ತಲೆಯೊಡ್ಡಿ ತಂದದ್ದು. ಆ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

ನಾನು ಒಪ್ಪಿದೆ ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಅದನ್ನೇ ಸೆವೆಸೆ ಒಪ್ಪಿಗೆ ಎಂದುಕೊಂಡು ಹೋದ.

ಅತಿಥಿಗಳು ಬರುವ ದಿನ ಬೆಳಿಗ್ಗೆಯೇ ಅವನು ಬಂದು ದಡ ನೋಡಿದ. ಹಿಂದಿನ ದಿನ ಹಡಗು ಎಸೆದ ಮೀನೆಲ್ಲ ಅಲೆಯ ಜೊತೆ ಬಂದು ದಡದುದ್ದಕ್ಕೂ ಬಿದ್ದಿತ್ತು. ನೊಣಗಳ ಮೋಡ. “ಅಯ್ಯೋ, ಇವತ್ತೇ ಬರ್ಬೇಕಿತ್ತಾ ಇದು!” ಎಂದು ತಲೆ ಚಚ್ಚಿಕೊಂಡ. ಆಮೇಲೆ ನಮ್ಮ ಕಡೆ ತಿರುಗಿ, “ಗುಂಡಿ ತೋಡಿ ಹೂತ್ಬಿಡಿ. ಬೇಗ. ವಾಸನೆ ಅವರ ಮೂಗಿಗೆ ಬಡೀಬಾರದು” ಅಂದ.

“ಮೀನು ಹೂಳೋದೇನೋ?”

“ಕೊಳೆತ ಮೀನು ಅಕ್ಕ. ರಬಿಸ್ ಅದು.”

ಅವನ ಬಾಯಲ್ಲೂ ಅದೇ ಮಾತು.

ಹೂತೆವು. ಯಾಕೆ ಹೂತೆವು ಎಂದು ಈಗ ಕೇಳಿದರೆ ಹೇಳಲು ಬಾಯಿಲ್ಲ. ಆಸ್ಪತ್ರೆ ಅಂದಿದ್ದ, ನಮ್ಮವನೇ ಹೇಳಿದ್ದ, ಗಂಡಸರು ನೋಡುತ್ತಾ ನಿಂತಿದ್ದರು. ದೋಣಿಮನೆಯ ಹಿಂದೆ ಮರಳು ತೋಡಿದೆವು. ತೋಡಿದಷ್ಟೂ ಗೋಡೆ ಕುಸಿಯುತ್ತಿತ್ತು, ಕೆಳಗಿನಿಂದ ನೀರು ಜಿನುಗುತ್ತಿತ್ತು. ಇವಾರಾ ಒಂದೇ ಕೈಯಲ್ಲಿ ತೋಡಿದಳು, ಮುದುರಿದ ಕೈಯಿಂದ ಮರಳನ್ನು ಎದೆಗೆ ಒತ್ತಿಕೊಂಡು ಹೊರಗೆ ಹಾಕಿದಳು. ಸಾಗೊ ಬುಟ್ಟಿಗಳಲ್ಲಿ ಮೀನು ಹೊತ್ತೆವು. ಊಟದ ಬುಟ್ಟಿಗಳು ಅವು. ಬೆರಳುದ್ದದ ಬೆಳ್ಳಿ ಮೀನುಗಳು, ಒಡೆದ ಹೊಟ್ಟೆಯಲ್ಲಿ ಮೊಟ್ಟೆ. ಮರಿ ಸೊರ ಮೀನು. ಒಂದು ದೊಡ್ಡ ತೊರಕೆ, ಸಾಯುವಾಗ ಹಾಕಿದ ಮರಿಗಳು ಇನ್ನೂ ಅದಕ್ಕೆ ಅಂಟಿಕೊಂಡೇ ಇದ್ದವು. ಬೆನ್ನ ಮೇಲೆ ಕೊಳೆರಸ ಇಳಿದು ಮೆತ್ತಿಕೊಂಡಿತು. ಮಣ್ಣು ಮುಚ್ಚಿ ಮೇಲೆ ತೆಂಗಿನಗರಿ ಹಾಸಿದೆವು. ನಮ್ಮೂರಲ್ಲಿ ಹೊಸ ಗೋರಿ ಕಾಣುವುದು ಹಾಗೆಯೇ.

ಬಂದವಳ ಹೆಸರು ಜೂಡಿತ್. ನರೆತ ಕೂದಲಿನ ಬಿಳಿ ಹೆಂಗಸು, ಆಸ್ಟ್ರೇಲಿಯಾದವಳು. ಜೊತೆಗೊಬ್ಬ ಕ್ಯಾಮೆರಾದವನು. ಕೆಟ್ಟವಳಲ್ಲ. ನೀರಿಗಿಳಿದಾಗ ಚಪ್ಪಲಿ ಕೈಯಲ್ಲಿ ಹಿಡಿದಳು, ಮಕ್ಕಳ ತಲೆ ಸವರಿದಳು. ಸೆವೆಸೆ ಅವಳನ್ನು ನೇರವಾಗಿ ಅವ್ವನ ಕಂಬದ ಬಳಿಗೆ ಕರೆದುಕೊಂಡು ಹೋದ. ನಾವು ಹಿಂದೆ ಹೋದೆವು.

ನಾವು ಮೀನು ಹೂಳುತ್ತಿದ್ದಾಗಲೇ ಯಾರೋ ಕಂಬದ ಮೇಲೆ ತಗಡಿನ ಹಲಗೆ ಹೊಡೆದಿದ್ದರು. ಹಲಗೆಯ ಮೇಲೆ ನೀಲಿ ಮೀನು. ಎಳೆಗರಿ ಇರಲಿಲ್ಲ. ಅವ್ವನ ಚೀಲವನ್ನು ಹಲಗೆಯ ಹಿಂದೆ ತುರುಕಿದ್ದರು. ಒಂದು ಹಿಡಿಕೆ ಮಾತ್ರ ಹೊರಗೆ ಜೋತಾಡುತ್ತಿತ್ತು.

ಸೆವೆಸೆ ಕೈ ಬೀಸಿ ಬೀಸಿ ಹೇಳುತ್ತಿದ್ದ. ಅಳಿವೆ ತೋರಿಸಿದ, ನಮ್ಮನ್ನು ತೋರಿಸಿದ, ಕಂಬ ತಟ್ಟಿದ. ಜೂಡಿತ್ ಬೆರಗಾಗಿ ಅಳಿವೆ ನೋಡಿದಳು. ಒಂದು ಬಲೆಯೂ ಇಲ್ಲ. ಒಬ್ಬ ಹೆಂಗಸೂ ನೀರಲ್ಲಿಲ್ಲ. ಅವಳು ನಮ್ಮ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿದಳು. ಆಗ ನನಗೆ ಹೊಳೆಯಿತು. ನನ್ನ ಅವ್ವನ ಸಾವನ್ನು ಇವನು ಕಂಪನಿಯ ಖಾತೆಗೆ ಬರೆದುಬಿಟ್ಟಿದ್ದಾನೆ. ಕಂಪನಿ ಹೇಳಿತು, ಹೆಂಗಸರು ಬಲೆ ಬಿಟ್ಟರು, ನೋಡಿ ಕಂಬ.

ಜೂಡಿತ್ ನನ್ನ ಸೂತಕದ ಕರಿ ಬಟ್ಟೆ, ಸಾವಿನ ದಿನದಿಂದ ಕತ್ತರಿಸದ ಕೂದಲು ನೋಡಿ ಏನೋ ಕೇಳಿದಳು.

“ಬಲೆ ಬಿಟ್ಟಿದ್ದಕ್ಕೆ ಕಷ್ಟ ಆಗ್ತಿದೆಯಾ ಅಂತ ಕೇಳ್ತಿದಾರೆ” ಅಂದ ಸೆವೆಸೆ.

ನಾನು ಹೇಳಿದೆ. “ಬಲೆ ಬಿಟ್ಟಿಲ್ಲ. ನಮ್ಮವ್ವ ಸತ್ತಿದಾಳೆ. ಈ ಕಂಬ ಅವಳದು. ಊಟದ ದಿನ ಇದನ್ನ ಕಿತ್ತು ಮತ್ತೆ ಬಲೆ ಇಳಿಸ್ತೀವಿ. ಈ ಹಲಗೆ ಯಾರು ಹೊಡೆದರೋ ನಂಗೊತ್ತಿಲ್ಲ. ಅವ್ವನ ಚೀಲ ಈಚೆ ತೆಗೀರಿ ಅಂತ ಹೇಳು.”

ನಾನು ಇಷ್ಟು ಹೇಳಿದೆ. ಅವನು ಎರಡೇ ಮಾತಿನಲ್ಲಿ ಮುಗಿಸಿದ. ಜೂಡಿತ್ ನನ್ನ ಎರಡೂ ಕೈ ಹಿಡಿದು ಮುಖ ತುಂಬ ನಕ್ಕಳು. ತಾಯಿ ಸತ್ತಳು ಎಂದರೆ ಯಾವ ದೇಶದವರೂ ಹಾಗೆ ನಗುವುದಿಲ್ಲ.

“ಏನಂದ್ಯೋ ಅವಳಿಗೆ?”

“ನೀನಂದಿದ್ದೇ ಅಂದೆ.”

“ಅವಳು ನಕ್ಕಳಲ್ಲೋ!”

“ಅವರು ಹಾಗೇ ನಗ್ತಿರ್ತಾರೆ. ಸುಮ್ನಿರು ಅಕ್ಕ, ಕಾಲಿಗೆ ಬೀಳ್ತೀನಿ.”

 ನನ್ನ ಮಾತು ಅವಳನ್ನು ಮುಟ್ಟಬೇಕಾದರೆ ಅವನ ಬಾಯನ್ನೇ ದಾಟಬೇಕು. ಅವನ ಬಾಯಿಗೆ ಕಂಪನಿ ಬೀಗ ಹಾಕಿತ್ತು.

ನೆರಳಿನಲ್ಲಿ ಚಾಪೆ ಹಾಸಿದ್ದರು. ಕಂಪನಿಯವರೇ ಮಂಜಿನ ಪೆಟ್ಟಿಗೆಯಲ್ಲಿ ಸೀಗಡಿ ತಂದಿದ್ದರು. ಅವರ ಅಡುಗೆಯವನೇ ತೆಂಗಿನಹಾಲಿನಲ್ಲಿ ಬೇಯಿಸಿದ. ನಮ್ಮ ಕೆಲಸ ಸೌದೆ, ನೀರು ಹೊರುವುದು. ಬೇರೆ ಮೀನು ಒಂದೂ ಇಲ್ಲ. ಎಲ್ಲ ಒಂದೇ ಅಳತೆಯ ಕೆಂಪು ಸೀಗಡಿ, ತಟ್ಟೆ ತುಂಬ. ಆರಿಸಿ ಇಟ್ಟದ್ದು. ಕ್ಯಾಮೆರಾದವನಿಗೆ ಊರ ಹೆಂಗಸೊಬ್ಬಳು ಸೀಗಡಿ ತಿನ್ನುವ ಚಿತ್ರ ಬೇಕಿತ್ತು. ಅವನ ಕಣ್ಣು ನನ್ನ ಕರಿ ಬಟ್ಟೆಯ ಮೇಲೆ ಬಿತ್ತು. ನನ್ನನ್ನು ಚಾಪೆಯ ನಡುವೆ ಕೂರಿಸಿದರು.

ಸೆವೆಸೆ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. “ಒಂದೇ ಒಂದು ಅಕ್ಕ. ನುಂಗೋದೂ ಬೇಡ, ತುಟಿಗೆ ಹಿಡಿ ಸಾಕು.”

“ನನಗೆ ಏನು ಮಾಡು ಅಂತಿದೀಯ, ನಿಂಗೆ ಗೊತ್ತೇನೋ?”

“ಗೊತ್ತು. ಅವ್ವ ಏನೂ ಅಂದ್ಕೊಳಲ್ಲ.”

“ಅವ್ವ ಅಂದ್ಕೊಳಲ್ಲ ಅಂತ ನಿಂಗೆ ಯಾರು ಹೇಳಿದ್ರು? ಕಂಪನಿಯೋರಾ?”

ಅವನು ತಟ್ಟೆಗೆ ಕೈಹಾಕಿದ. ಒಂದು ಸೀಗಡಿ ತೆಗೆದು, ಸಿಪ್ಪೆ ಸುಲಿದು, ಬಾಯಿಗೆ ಹಾಕಿಕೊಂಡ. ತಲೆಯನ್ನೂ ಬಿಡಲಿಲ್ಲ. ಥೇಟ್ ಅವ್ವನ ಹಾಗೆ ಚೀಪಿದ. “ನೋಡು. ನಾನೂ ಅವಳ ಹಾಲು ಕುಡಿದೋನೇ. ಏನಾಯ್ತೀಗ?” ಅಂದ.  ಹಿಂದೆ ನಿಂತಿದ್ದ ಹೆಂಗಸರೆಲ್ಲ ಉಸಿರು ಹಿಡಿದರು. ಇವಾರಾ ಆ ಮುದುರಿದ ಕೈಯನ್ನೇ ಮುಖಕ್ಕೆ ಅಡ್ಡ ಹಿಡಿದಳು.

ಕ್ಯಾಮೆರಾದವನಿಗೆ ಇದೇನೂ ತಿಳಿಯದು. ಅವನು ಬಂದು ನನ್ನ ಬೆರಳ ನಡುವೆ ಒಂದು ಸೀಗಡಿ ಇಟ್ಟ. ನನ್ನ ಮೊಣಕೈ ಹಿಡಿದು ಬಾಯಿಯ ಹತ್ತಿರ ತಂದ. ಗದ್ದ ಸ್ವಲ್ಪ ಮೇಲೆತ್ತಿದ. ನಗು ಎಂದು ತನ್ನ ತುಟಿ ಹಿಗ್ಗಿಸಿ ತೋರಿಸಿದ. ತೆಂಗಿನಹಾಲು ನನ್ನ ಮೊಣಕೈವರೆಗೆ ಹರಿಯಿತು. ವಾಸನೆ ಮೂಗಿಗೆ ಬಂತು. ಹಸಿದಿದ್ದೆ. ತಿಂಗಳುಗಳಿಂದ ಅದರ ರುಚಿ ಕಂಡಿರಲಿಲ್ಲ. ಬಾಯಲ್ಲಿ ನೀರೂರಿತು, ಅದಕ್ಕೇ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು.

ಬೆರಳು ಬಿಚ್ಚಿದೆ. ಸೀಗಡಿ ಚಾಪೆಯ ಮೇಲೆ ಬಿತ್ತು.

“ಇಲ್ಲ” ಅಂದೆ.

“ಅಕ್ಕ!”

“ಇಲ್ಲ ಅಂದೆ ಕಣೋ.”

ಎದ್ದು ದೋಣಿಮನೆಯ ಹಿಂದಕ್ಕೆ ಹೋದೆ. ಗರಿ ಎತ್ತಿ ಎಸೆದೆ. ಮಂಡಿಯೂರಿ ಎರಡೂ ಕೈಯಲ್ಲಿ ಮರಳು ಕೆದಕಿದೆ. ಪಕ್ಕದಲ್ಲಿ ಇನ್ನೊಂದು ಕೈ ಬಂತು. ಒಂದೇ ಕೈ, ಇವಾರಾಳದು. ಆಮೇಲೆ ಉಳಿದವರು ಬಂದರು. ಕಾರೊಹೊನ ಹೆಂಡತಿಯೂ ಬಂದಳು. “ನಿಮಗೇನು ಹುಚ್ಚು ಹಿಡೀತಾ?” ಎಂದು ಕಾರೊಹೊ ಕಿರುಚಿದ. “ಹಿಡೀತು, ನೀನು ಹೋಗಿ ಇಂಜಿನ್ ಒರೆಸು” ಅಂದಳು ಅವಳು.

ಬುಟ್ಟಿಗಳನ್ನು ಹೊತ್ತು ತಂದು ಆ ಚಾಪೆಯ ಮೇಲೆ ಸುರಿದೆವು. ಮರಳು ಮೆತ್ತಿದ, ಕಣ್ಣು ಕಳಚಿದ, ಹೊಟ್ಟೆ ಒಡೆದ ಮೀನು. ತೊರಕೆ, ಅದರ ಮರಿ. ಸೊರ. ರಾಶಿ ಜಾರಿ ಜೂಡಿತ್‌ಳ ಕಾಲ ಬುಡದವರೆಗೆ ಹೋಯಿತು. ನೊಣ ಎದ್ದವು. ಕ್ಯಾಮೆರಾದವನು ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಸೆವೆಸೆ ಗಡಬಡಿಸಿ ಅವಳಿಗೆ ಏನೇನೋ ಹೇಳತೊಡಗಿದ. ಹುಚ್ಚಿ ಅಂದನೋ, ಸೂತಕದ ದುಃಖ ಅಂದನೋ.

ನಾನು ಕಾಯಲಿಲ್ಲ. ನನ್ನಲ್ಲೂ ಒಂದು ಮಾತಿತ್ತು. ಅವನ ಬಾಯಿ ದಾಟಬೇಕಾಗಿಲ್ಲದ ಒಂದೇ ಮಾತು.

ಬೆರಳುದ್ದದ ಮೀನೊಂದನ್ನು ಎತ್ತಿ ಅವಳ ಮುಂದೆ ಹಿಡಿದೆ. “ರಬಿಸ್” ಅಂದೆ. ದೂರದಲ್ಲಿ ನಿಂತಿದ್ದ ಹಡಗಿನ ಕಡೆ ಕೈ ತೋರಿಸಿದೆ. ಅವಳು ಹಡಗು ನೋಡಿದಳು. ಇವಾರಾಳ ಕೈ ಎಳೆದು, ಬಿಚ್ಚದ ಬೆರಳುಗಳನ್ನು ಅವಳ ಮುಂದೆ ಹಿಡಿದೆ. “ರಬಿಸ್.” ಕಂಬದ ಕಡೆ ತೋರಿಸಿದೆ, ಜೋತಾಡುವ ಚೀಲದ ಕಡೆ. “ರಬಿಸ್.” ನನ್ನ ಎದೆ ತಟ್ಟಿಕೊಂಡೆ. ನನ್ನ ಹಿಂದಿದ್ದ ಹೆಂಗಸರೆಲ್ಲರನ್ನೂ ತೋರಿಸಿದೆ. “ರಬಿಸ್, ರಬಿಸ್.” ಆಮೇಲೆ ಸೀಗಡಿಯ ತಟ್ಟೆ ಎತ್ತಿ ಅದೇ ರಾಶಿಯ ಮೇಲೆ ಬೋರಲು ಹಾಕಿ, ಎರಡೂ ಕೈಯಲ್ಲಿ ಕಲಸಿದೆ.

“ಸೆವೆಸೆ, ಈಗ ಹೇಳು. ಇದೆಲ್ಲ ಒಂದೇ ಬಲೇಲಿ ಬಂದಿದ್ದು. ತಿನ್ನೋದಾದ್ರೆ ಇದನ್ನೆಲ್ಲ ತಿನ್ನಲಿ ಅಂತ ಹೇಳು. ನಮ್ಮವ್ವ ಸತ್ತಿದಾಳೆ ಅಂತ ಹೇಳು.”

ಅವನು ಬೂಟಿನ ತುದಿ ನೋಡುತ್ತಾ ನಿಂತ. ಹೇಳಲಿಲ್ಲ.

ಜೂಡಿತ್ ಮೂಗು ಮುಚ್ಚಿಕೊಳ್ಳಲಿಲ್ಲ. ಕೂತಳು. ರಾಶಿಯಿಂದ ಒಂದು ಸೀಗಡಿ, ಒಂದು ಮೀನು ಎತ್ತಿ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟುಕೊಂಡು ತುಂಬ ಹೊತ್ತು ನೋಡಿದಳು. ಎದ್ದು ಕಂಬದ ಬಳಿಗೆ ಹೋದಳು. ಹಲಗೆಯ ಹಿಂದಿನ ಚೀಲವನ್ನು ಎರಡು ಬೆರಳಿನಲ್ಲಿ ಮುಟ್ಟಿದಳು. ಸೆವೆಸೆಯನ್ನು ಏನೋ ಕೇಳಿದಳು. ಇನ್ನೊಂದು ಸಲ ಕೇಳಿದಳು. ಅವನು ಅದಕ್ಕೂ ಬಾಯಿ ಬಿಡಲಿಲ್ಲ. ಬಂದವರೆಲ್ಲ ದೋಣಿ ಹತ್ತಿ ಹೋದರು, ಸೆವೆಸೆಯೂ.

ಮುದ್ರೆ ಸಿಕ್ಕಿತೋ ಇಲ್ಲವೋ, ನಮಗೆ ಯಾರೂ ಬಂದು ಹೇಳಲಿಲ್ಲ. ಹಡಗುಗಳು ಬರುತ್ತಲೇ ಇವೆ. ಆಸ್ಪತ್ರೆ ಬರಲಿಲ್ಲ. ನಿನ್ನಿಂದಲೇ ತಪ್ಪಿತು ಎಂದು ಗಂಡಸರು ನನ್ನ ಕಡೆ ಬೆನ್ನು ಹಾಕಿ ಕೂರುತ್ತಾರೆ. ನಾಳೆ ಇನ್ನೊಬ್ಬಳಿಗೆ ಜ್ವರ ಬಂದರೆ ಆ ಮಾತು ನನ್ನ ತಲೆಗೇ ಬರುತ್ತದೆ. ಅಳಿವೆಯಲ್ಲಿ ಬಲೆ ಇಳಿದರೆ ಕೆರೆಮಾದಿಂದ ಪೊಲೀಸರು ಬರುತ್ತಾರೆ ಎಂದು ಕಂಪನಿ ಹೇಳಿಕಳಿಸಿತು.

ಊಟದ ದಿನ ನಾನು ಕಂಬ ಕಿತ್ತೆ. ತಗಡಿನ ಹಲಗೆ ಈಗ ಕಾರೊಹೊನ ಹಂದಿಗೂಡಿನ ಬಾಗಿಲು. ನಾನು ಒಂದು ತುದಿ, ಇವಾರಾ ಒಂದು ತುದಿ. ಅವಳು ಬಲೆಯನ್ನು ಮೊಣಕೈಗೆ ಸುತ್ತಿಕೊಂಡು ಎಳೆದಳು. ಪೊಲೀಸರು ಬಂದರೆ ಬರಲಿ ಎಂದು ಹೆಂಗಸರೆಲ್ಲ ನೀರಿಗಿಳಿದರು. ಬರಲಿಲ್ಲ. ಸೀಗಡಿಯೂ ಹೆಚ್ಚು ಬರಲಿಲ್ಲ. ಇಷ್ಟು ತಿಂಗಳು ಹೊಟ್ಟೆ ಕಟ್ಟಿ ಅಳಿವೆ ಕಾಯ್ದದ್ದಕ್ಕೆ ಅರ್ಧ ಚಾಪೆಯೂ ತುಂಬಲಿಲ್ಲ. ನಾವು ಬೆಳೆಯಲು ಬಿಟ್ಟದ್ದನ್ನು ಹೊರಗೆ ಕಾದು ನಿಂತವರು ಬಾಚಿದ್ದರು.

ಇದ್ದದ್ದನ್ನೇ ಸುರಿದು ಪಾಲು ಮಾಡಿದೆ. ಕೊನೆಗೆ ಒಂದು ಪಾಲು ಬೇರೆ ಎಲೆಯ ಮೇಲೆ ಇಟ್ಟೆ. ಇವಾರಾ ನೋಡಿದಳು.

“ಅವನಿಗೂ ಇಡ್ತೀಯಾ?”

“ಇಡ್ತೀನಿ.”

“ಅವ್ವನ್ನ ಮಾರಿದೋನು ಕಣೇ ಅವನು!”

“ಗೊತ್ತು. ಬೇಕಾದ್ದು ಇಟ್ಕೊಂಡು ಬೇಡದ್ದು ಎಸೆಯೋದಾದ್ರೆ ನಾವೂ ಹಡಗಿನೋರೇ ಆದ್ವಲ್ಲ.”

ಅವಳು ಕ್ಯಾಕರಿಸಿ ಉಗಿದಳು. ಆದರೆ ಪಾಲು ತೆಗೆಯಲಿಲ್ಲ.

ಸೆವೆಸೆ ಬರಲಿಲ್ಲ. ಅವನ ಪಾಲನ್ನು ಹೊಗೆಗೆ ಹಾಕಿ ಒಣಗಿಸಿ, ಅವ್ವನ ಚೀಲದಲ್ಲಿ ತುಂಬಿ ನನ್ನ ಒಲೆಯ ಮೇಲೆ ತೂಗುಹಾಕಿದ್ದೇನೆ. ಸತ್ತವರ ಚೀಲ ಸೇರಬೇಕಾದ್ದು ಅವರ ಹಾಲು ಕುಡಿದ ಕೊನೆಯ ಮಗುವಿಗೆ. ದಿನವೂ ಹೊಗೆ ಕುಡಿದು ಕಪ್ಪಾಗುತ್ತಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಉರಿಯುತ್ತದೆ.

ಅವನು ಬರಲಿ. ಬಂದರೆ ಕೊಡುತ್ತೇನೆ. ಆದರೆ ಮೊದಲು ಅವನು ನಮ್ಮ ಅಂಗಳದಲ್ಲಿ ನಿಂತು, ಆ ಬಿಳಿ ಹೆಂಗಸಿಗೆ ತಿಳಿಯುವ ಭಾಷೆಯಲ್ಲಿ, ನನ್ನ ಅವ್ವ ಸತ್ತಳು ಎಂದು ಒಂದು ಸಲ ಗಟ್ಟಿಯಾಗಿ ಹೇಳಬೇಕು. ಆಮೇಲೆ ತಿನ್ನಲಿ.